ಟ್ರ್ಯಾಕ್ಟರ್ ಚಾಲೂ ಆಗುತ್ತಿಲ್ಲವೇ? ಮೊದಲು ಕಿವಿಗೊಟ್ಟು ಕೇಳಿ

ಕಾಲುವೆಗೆ ನೀರು ಬಿಟ್ಟಿದ್ದಾರೆ. ಮಡಿಯಲ್ಲಿ ಭತ್ತದ ಸಸಿ ಬೆಳೆದು ನಿಂತಿದೆ. ನಾಟಿ ಮಾಡುವ ಹೆಣ್ಣುಮಕ್ಕಳು ಬೆಳಿಗ್ಗೆಯೇ ಬಂದು ಬದುವಿನ ಮೇಲೆ ಕುಳಿತಿದ್ದಾರೆ. ಗದ್ದೆ ಕೆಸರು ಮಾಡಬೇಕಾದ ಟ್ರ್ಯಾಕ್ಟರ್ ಮಾತ್ರ ಕೀ ತಿರುಗಿಸಿದರೆ ‘ಟಕ್’ ಎಂದು ಸುಮ್ಮನಾಗುತ್ತದೆ. ಸಿಂಧನೂರು, ಮಸ್ಕಿ ಕಡೆಯ ರೈತರ ಮನೆಗಳಿಗೆ ಇದು ಹೊಸ ಕಥೆಯೇನಲ್ಲ. ಮಿಸ್ತ್ರಿ ಬರುವ ಹೊತ್ತಿಗೆ ಅರ್ಧ ದಿನ ಹೋಗಿರುತ್ತದೆ. ಕೂಲಿಯನ್ನು ಮಾತ್ರ ಪೂರ್ತಿ ಕೊಡಬೇಕು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಎಲ್ಲ ಲೆಡ್ಜರುಗಳನ್ನೂ ಒಮ್ಮೆಲೇ ಹರಡಿಕೊಂಡು ಕೂಡುತ್ತಿರಲಿಲ್ಲ. ವ್ಯತ್ಯಾಸ ಜಮೆಯ ಕಡೆ ಇದೆಯೋ ಖರ್ಚಿನ ಕಡೆ ಇದೆಯೋ ನೋಡಿಕೊಂಡು, ಆ ಕಡೆಯ ವೋಚರುಗಳಿಗಷ್ಟೇ ಒಂದೊಂದಾಗಿ ಟಿಕ್ ಹಾಕುತ್ತಿದ್ದೆವು. ಚಾಲೂ ಆಗದ ಹಳೆಯ ಟ್ರ್ಯಾಕ್ಟರಿಗೂ ಇದೇ ದಾರಿ. ತೊಂದರೆ ಕರೆಂಟಿನದೋ, ಡೀಸೆಲ್ಲಿನದೋ? ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಅದನ್ನು ಟ್ರ್ಯಾಕ್ಟರೇ ತನ್ನ ಸದ್ದಿನಿಂದ ಹೇಳುತ್ತದೆ.

ಕಿಡಿ ಇಲ್ಲದ ಬೆಂಕಿ

ಮಕ್ಕಳೇ, ಮನೆಯ ಮೋಟರ್ ಸೈಕಲ್ಲಿನಲ್ಲಿ ಸ್ಪಾರ್ಕ್ ಪ್ಲಗ್ ನೋಡಿದ್ದೀರಲ್ಲ? ಅದರ ಕಿಡಿಯಿಂದ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ಇಂಗ್ಲೆಂಡ್, ಅಮೆರಿಕದ ಹಳೆಯ ಕಾಲದ ಎಷ್ಟೋ ಟ್ರ್ಯಾಕ್ಟರುಗಳು ಪೆಟ್ರೋಲ್ ಇಲ್ಲವೇ ಸೀಮೆಎಣ್ಣೆಯಿಂದ ಓಡುತ್ತಿದ್ದವು. ಅವುಗಳಲ್ಲೂ ಕಿಡಿಯೇ ಮುಖ್ಯ. ಆದರೆ ನಮ್ಮ ಹೊಲಗಳಲ್ಲಿರುವ ಟ್ರ್ಯಾಕ್ಟರುಗಳು ಡೀಸೆಲ್‌ನವು. ಅವುಗಳಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ.

ಹಾಗಾದರೆ ಬೆಂಕಿ ಎಲ್ಲಿಂದ ಬರುತ್ತದೆ? ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ತಳ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಡೀಸೆಲ್ ಎಂಜಿನ್ ಗಾಳಿಯನ್ನು ಅದರ ಜಾಗದ ಸುಮಾರು ಹದಿನಾರು, ಹದಿನೇಳರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಆಗ ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕಾದ ಗಾಳಿಗೆ ನಾಜಲ್ ಡೀಸೆಲ್ಲನ್ನು ಮಂಜಿನಂತೆ ಚಿಮ್ಮಿಸಿದರೆ ಸಾಕು, ತಾನೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಇಂಥ ಎಂಜಿನ್ನನ್ನು ಓಡಿಸಿ ತೋರಿಸಿದರು.

ಕೀ ಆಫ್ ಮಾಡಿದರೂ ಹಳೆಯ ಟ್ರ್ಯಾಕ್ಟರ್ ನಿಲ್ಲದಿರುವುದು ಏಕೆಂದು ಈಗ ಗೊತ್ತಾಯಿತಲ್ಲ? ನಿಲ್ಲಿಸಲು ಅಲ್ಲಿ ಕಿಡಿಯೇ ಇಲ್ಲ. ಸ್ಟಾಪ್ ಗುಂಡಿ ಎಳೆದು ಡೀಸೆಲ್ ಬಂದ್ ಮಾಡಬೇಕು. ಬ್ಯಾಟರಿಗೆ ಇಲ್ಲಿ ಮುಖ್ಯವಾಗಿ ಒಂದೇ ಕೆಲಸ: ಸೆಲ್ಫ್ ಮೋಟರಿನಿಂದ ಎಂಜಿನ್ನನ್ನು ಜೋರಾಗಿ ತಿರುಗಿಸುವುದು. ನಿಧಾನ ತಿರುಗಿದರೆ ಗಾಳಿ ಸಾಕಷ್ಟು ಕಾಯುವುದಿಲ್ಲ. ಚಳಿಗಾಲದ ಬೆಳಗಿನಲ್ಲಿ ತೊಂದರೆ ಹೆಚ್ಚುವುದು ಇದಕ್ಕೇ.

ಸದ್ದು ಏನು ಹೇಳುತ್ತದೆ?

ಮೊದಲು ಗೇರ್ ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಮಕ್ಕಳನ್ನು ದೂರ ನಿಲ್ಲಿಸಿ. ಹೆಡ್‌ಲೈಟ್ ಹಾಕಿ, ಸೀಟಿನಲ್ಲಿ ಕುಳಿತೇ ಕೀ ತಿರುಗಿಸಿ.

ಸದ್ದೂ ಇಲ್ಲ, ಲೈಟೂ ಇಲ್ಲ: ಬ್ಯಾಟರಿ ಪೂರ್ತಿ ಇಳಿದಿದೆ, ಇಲ್ಲವೇ ಟರ್ಮಿನಲ್ ಬಿಟ್ಟುಕೊಂಡಿದೆ.

‘ಟಕ್’ ಅಥವಾ ‘ಟಕಟಕ’ ಎಂದು ಲೈಟು ಮಂಕಾಯಿತು: ಬ್ಯಾಟರಿ ಸೋತಿದೆ, ಇಲ್ಲವೇ ಟರ್ಮಿನಲ್ಲಿಗೆ ಕಿಲುಬು ಹಿಡಿದಿದೆ. ಸೆಲ್ಫ್ ಮೋಟರ್ ನೂರಾರು ಆಂಪಿಯರ್ ಕರೆಂಟು ಎಳೆಯುತ್ತದೆ. ಲೈಟಿಗೆ ಸಾಲುವ ಸಂಪರ್ಕ ಸೆಲ್ಫಿಗೆ ಸಾಲುವುದಿಲ್ಲ.

ಲೈಟು ಚೆನ್ನಾಗಿ ಉರಿಯುತ್ತಿದೆ, ಸದ್ದೇ ಇಲ್ಲ: ಕೀ ಸ್ವಿಚ್, ಅದರ ವೈರು ಅಥವಾ ಸೆಲ್ಫ್ ಮೇಲಿನ ಸೊಲೆನಾಯ್ಡ್ ನೋಡಿಸಬೇಕು. ಕೆಲವು ಟ್ರ್ಯಾಕ್ಟರುಗಳಲ್ಲಿ ಕ್ಲಚ್ ಒತ್ತದಿದ್ದರೆ, ಗೇರ್ ನ್ಯೂಟ್ರಲ್ ಇಲ್ಲದಿದ್ದರೆ ಸೆಲ್ಫ್ ತಿರುಗದಂತೆ ಸೇಫ್ಟಿ ಸ್ವಿಚ್ ಇರುತ್ತದೆ. ಅದನ್ನೂ ನೆನಪಿಡಿ.

ಎಂಜಿನ್ ಜೋರಾಗಿ ತಿರುಗುತ್ತದೆ, ಚಾಲೂ ಆಗುವುದಿಲ್ಲ: ಕರೆಂಟಿನ ಕಡೆ ಲೆಕ್ಕ ಸರಿಯಿದೆ. ಡೀಸೆಲ್ಲಿನ ಕಡೆ ಹೋಗಿ.

ಕರೆಂಟಿನ ಕಡೆ

ಟರ್ಮಿನಲ್ ಮೇಲಿನ ಬಿಳಿ, ಹಸಿರು ಕಿಲುಬಿಗೆ ಅಡುಗೆ ಸೋಡಾವೇ ಮದ್ದು. ಕೆಸರು ಗದ್ದೆಯಲ್ಲಿ ದುಡಿಯುವ ಟ್ರ್ಯಾಕ್ಟರಿಗೆ ಈ ಕಾಟ ಹೆಚ್ಚು. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ. ಹಾಕುವಾಗ ಉಲ್ಟಾ, ನೆಗೆಟಿವ್ ಕೊನೆಗೆ. ಈ ಕ್ರಮ ತಪ್ಪಿದರೆ ಪಾನಾ ಬಾಡಿಗೆ ತಗುಲಿ ಕಿಡಿ ಹಾರುತ್ತದೆ. ಸೋಡಾ ಕದಡಿದ ನೀರಿನಲ್ಲಿ ಹಳೆಯ ಬ್ರಷ್ ಅದ್ದಿ ಉಜ್ಜಿ, ಒರೆಸಿ, ಬಿಗಿ ಮಾಡಿ, ಮೇಲೆ ತುಸು ಗ್ರೀಸ್ ಹಚ್ಚಿ. ಸೋಡಾ ನೀರು ಬ್ಯಾಟರಿಯ ಒಳಗೆ ಬೀಳಬಾರದು. ನೆಗೆಟಿವ್ ವೈರು ಬಾಡಿಗೆ ಸೇರುವ ಬೋಲ್ಟನ್ನೂ ಕೆರೆದು ಸ್ವಚ್ಛ ಮಾಡಿ. ಬಹಳ ಜನ ಅದನ್ನು ನೋಡುವುದೇ ಇಲ್ಲ.

12 ವೋಲ್ಟಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಮೀಟರಿನಲ್ಲಿ ಸುಮಾರು 12.6 ತೋರಿಸುತ್ತದೆ. 12ಕ್ಕೆ ಇಳಿದಿದ್ದರೆ ಚಾರ್ಜಿಗೆ ಕೊಡಿ. ಸೆಲ್ಫನ್ನು ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ಒಂದೆರಡು ನಿಮಿಷ ಬಿಟ್ಟು ಮತ್ತೆ ನೋಡಿ.

ಡೀಸೆಲ್ಲಿನ ಕಡೆ

ಮೊದಲು ನೋಡಬೇಕಾದ್ದು ಸ್ಟಾಪ್ ಗುಂಡಿ. ರಾತ್ರಿ ಎಳೆದದ್ದು ಹಾಗೇ ಇದ್ದರೆ ಎಷ್ಟು ಹೊಡೆದರೂ ಎಂಜಿನ್ ಏಳುವುದಿಲ್ಲ. ಆಮೇಲೆ ಟ್ಯಾಂಕಿನ ಕಾಕ್ ತೆರೆದಿದೆಯೇ, ಡೀಸೆಲ್ ಇದೆಯೇ ನೋಡಿ.

ಎಂಜಿನ್ ತಿರುಗುವಾಗ ಸೈಲೆನ್ಸರ್ ಗಮನಿಸಿ. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಹೊತ್ತುತ್ತಿಲ್ಲ ಎಂದರ್ಥ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಟ್ಯಾಂಕ್ ಒಮ್ಮೆ ಖಾಲಿಯಾಗಿದ್ದರೆ ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಇದನ್ನೇ ‘ಏರ್ ಹಿಡಿದಿದೆ’ ಎನ್ನುವುದು. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಒತ್ತುತ್ತಾ ಹೋಗಿ. ನೊರೆ ನಿಂತು ಶುದ್ಧ ಡೀಸೆಲ್ ಬಂದಾಗ ಬಿಗಿ ಮಾಡಿ. ಲಿಂಗಸುಗೂರು ಕಡೆಯ ಒಣಬೇಸಾಯದ ದೂಳಿನಲ್ಲಿ ಓಡುವ ಗಾಡಿಯಾದರೆ ಏರ್ ಫಿಲ್ಟರನ್ನೂ ಬಿಚ್ಚಿ ನೋಡಿ. ಉಸಿರು ಕಟ್ಟಿದ ಎಂಜಿನ್ ಕಷ್ಟಪಟ್ಟೇ ಏಳುತ್ತದೆ.

ಇಲ್ಲಿಗೆ ಮನೆಯವರ ಕೆಲಸ ಮುಗಿಯಿತು. ನಾಜಲ್, ಇಂಜೆಕ್ಷನ್ ಪಂಪ್ ಮಿಸ್ತ್ರಿಗೇ ಬಿಡಿ. ನಾಜಲಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿಬಿಡಬಲ್ಲದು. ಆದರೆ ‘ಸೆಲ್ಫ್ ಜೋರಾಗಿ ತಿರುಗುತ್ತದೆ, ಹೊಗೆ ಇಲ್ಲ, ಏರ್ ತೆಗೆದಾಗಿದೆ’ ಎಂದು ಫೋನಿನಲ್ಲಿ ಹೇಳಿದರೆ, ಅವನು ಬೇಕಾದ ಸಾಮಾನು ತೆಗೆದುಕೊಂಡೇ ಬರುತ್ತಾನೆ.

ಸ್ಕ್ರೂಡ್ರೈವರ್ ಎಂಬ ಯಮ

ಕೀ ಕೆಲಸ ಮಾಡದಿದ್ದಾಗ ಕೆಳಗೆ ನಿಂತು, ಸೆಲ್ಫ್ ಮೋಟರಿನ ಎರಡು ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ತಗುಲಿಸಿ ಚಾಲೂ ಮಾಡುವ ರೂಢಿ ಹಳ್ಳಿಹಳ್ಳಿಯಲ್ಲಿದೆ. ಹೀಗೆ ಮಾಡಿದರೆ ಸೇಫ್ಟಿ ಸ್ವಿಚ್ ಇದ್ದೂ ಇಲ್ಲದಂತೆ. ಗೇರಿನಲ್ಲಿದ್ದರೆ ಟ್ರ್ಯಾಕ್ಟರ್ ಥಟ್ಟನೆ ಮುಂದೆ ಹರಿಯುತ್ತದೆ. ತಗುಲಿಸಿದವನು ನಿಂತಿರುವುದು ಹಿಂದಿನ ದೊಡ್ಡ ಗಾಲಿಯ ಮುಂದೆಯೇ! ಬ್ರೇಕ್ ಒತ್ತಲು ಸೀಟಿನಲ್ಲಿ ಯಾರೂ ಇರುವುದಿಲ್ಲ. ದೇಶ ಯಾವುದೇ ಇರಲಿ, ಟ್ರ್ಯಾಕ್ಟರ್ ಜೊತೆ ಕೊಡುವ ಪುಸ್ತಕಗಳು ಇದನ್ನು ಮಾಡಲೇಬೇಡಿ ಎನ್ನುತ್ತವೆ.

ಬ್ಯಾಟರಿಯ ಹತ್ತಿರ ಬೀಡಿ, ಬೆಂಕಿಕಡ್ಡಿಯೂ ಬೇಡ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುತ್ತದೆ. ಒಂದು ಕಿಡಿಗೆ ಅದು ಸಿಡಿಯಬಲ್ಲದು.

ಮಕ್ಕಳೇ, ಮನೆಯಲ್ಲಿ ಯಾರಾದರೂ ಸ್ಕ್ರೂಡ್ರೈವರ್ ಹಿಡಿದು ಗಾಲಿಯ ಪಕ್ಕ ಬಗ್ಗಿದರೆ ಕೂಗಿ ಹೇಳಿ: “ಅಪ್ಪಾ, ಸೀಟಿನ ಮೇಲೆ ಕೂತು ಚಾಲೂ ಮಾಡು!” ಕೀ ಸ್ವಿಚ್ ಹೊಸದು ಹಾಕಿಸಿದರೆ ನಾಲ್ಕು ಕಾಸಿನ ಖರ್ಚು. ಅದನ್ನು ಉಳಿಸಲು ಹೋಗಿ ಕಳೆದುಕೊಳ್ಳುವುದನ್ನು ಯಾವ ಬ್ಯಾಂಕೂ ಸಾಲ ಕೊಡಲಾರದು.