ಡಿಶ್ ಉಳಿಸಿಕೊಂಡ ವಿದ್ಯಾರ್ಥಿಗಳು

ಹಳೆಯ ಯಂತ್ರವೆಂದರೆ ಗುಜರಿಗೆ ಹಾಕುವ ವಸ್ತುವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಹ್ಯಾಮ್ ರೇಡಿಯೋ ಸಂಘದ ಕಥೆ ಇದಕ್ಕೆ ತಕ್ಕ ಉತ್ತರವಾಗಿದೆ. ಸರಕಾರದ ಲೈಸೆನ್ಸು ಪಡೆದು, ಲಾಭದ ಆಸೆಯಿಲ್ಲದೆ ರೇಡಿಯೋ ಮೂಲಕ ಪರಸ್ಪರ ಮಾತಾಡುವ ಹವ್ಯಾಸಿಗಳೇ ಹ್ಯಾಮ್‌ಗಳು.

ಅಲ್ಲಿನ ಗ್ರೀನ್ ಕಟ್ಟಡದ ತಾರಸಿಯ ಮೇಲೆ, ಬಿಳಿ ಗುಮ್ಮಟದೊಳಗೆ 18 ಅಡಿ ಅಗಲದ ಡಿಶ್ ಆಂಟೆನಾ ಇದೆ. ಹವಾಮಾನ ಸಂಶೋಧನೆಯ ರಾಡಾರಿಗೆಂದು ನಿಲ್ಲಿಸಿದ್ದು ಅದು. ಇಂತಹ ಡಿಶ್‌ನಿಂದ ಚಂದ್ರನತ್ತ ಕಳುಹಿಸಿದ ಸಂಕೇತವು ಸುಮಾರು 3,84,000 ಕಿಲೋಮೀಟರ್ ಸಾಗಿ, ಚಂದ್ರನಿಗೆ ಬಡಿದು, ಎರಡೂವರೆ ಸೆಕೆಂಡಿನಲ್ಲಿ ಭೂಮಿಗೆ ಮರಳುತ್ತದೆ. ಎರಡೂ ಕಡೆ ಚಂದ್ರ ಕಾಣುವಂತಿದ್ದರೆ ಸಾವಿರಾರು ಮೈಲು ದೂರದ ಹ್ಯಾಮ್‌ಗೂ ಅದು ಕೇಳಿಸೀತು.

ಕಟ್ಟಡದ ನವೀಕರಣದ ವೇಳೆ ಈ ಡಿಶ್ಶನ್ನೇ ತೆಗೆದುಹಾಕುವ ಯೋಚನೆ ಬಂತು. ವಿದ್ಯಾರ್ಥಿಗಳು ಸುಮ್ಮನೆ ಕೂರಲಿಲ್ಲ. ಹಳೆ ವಿದ್ಯಾರ್ಥಿಗಳನ್ನು ಕೂಡಿಕೊಂಡು ಹಣ ಸಂಗ್ರಹಕ್ಕಿಳಿದರು. 2021ರಲ್ಲಿ ಎ.ಆರ್.ಡಿ.ಸಿ. ಎಂಬ ಹ್ಯಾಮ್ ಪ್ರತಿಷ್ಠಾನವು 16 ಲಕ್ಷ ಡಾಲರ್ ನೆರವಿತ್ತಿತು. ಹ್ಯಾಮ್‌ಗಳಿಗೆ ಮೀಸಲಿದ್ದ ಇಂಟರ್‌ನೆಟ್ ವಿಳಾಸಗಳಲ್ಲಿ ಒಂದು ಪಾಲನ್ನು 2019ರಲ್ಲಿ ಮಾರಿದ ಹಣವೇ ಆ ಪ್ರತಿಷ್ಠಾನದ ಬಂಡವಾಳ. ಡಿಶ್ ಉಳಿಯಿತು.

ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲೂ ಧೂಳು ಹಿಡಿದ ಯಂತ್ರಗಳಿವೆ. ಅವನ್ನು ಗುಜರಿಗೆ ಕಳುಹಿಸುವ ಮುನ್ನ ವಿದ್ಯಾರ್ಥಿಗಳನ್ನೊಮ್ಮೆ ಕೇಳುವುದು ಒಳ್ಳೆಯದೆಂದು ನಮಗನಿಸುತ್ತದೆ.