ಶಾಹನ ಒಂದು ಸಹಿ ಸಾಕಾಗಿರಲಿಲ್ಲ

ಇರಾನಿನ ತೈಲದ ಕಥೆ ಹೆಚ್ಚಿನ ಕಡೆ ಒಂದೇ ಧಾಟಿಯಲ್ಲಿ ಸಾಗುತ್ತದೆ. ಆಸ್ಟ್ರೇಲಿಯಾದ ಚಿನ್ನದ ಗಣಿಯಿಂದ ಶ್ರೀಮಂತನಾದ ವಿಲಿಯಂ ನಾಕ್ಸ್ ಡಾರ್ಸಿಗೆ ದೊರೆ ಮುಜಫ್ಫರುದ್ದೀನ್ ಶಾ 1901ರ ಮೇ 28ರಂದು ಅರವತ್ತು ವರ್ಷಗಳ ಹಕ್ಕು ಬರೆದುಕೊಟ್ಟ. ಎಂಜಿನಿಯರ್ ಜಾರ್ಜ್ ರೆನಾಲ್ಡ್ಸ್ ಬಿಸಿಲು, ಕಾಯಿಲೆ, ಬುಡಕಟ್ಟುಗಳ ಕಾಟ ಎಲ್ಲವನ್ನೂ ಸಹಿಸಿ ನೆಲ ಕೊರೆದ. 1908ರ ಮೇ 26ರಂದು ಮಸ್ಜಿದ್ ಸುಲೇಮಾನಿನಲ್ಲಿ ತೈಲ ಚಿಮ್ಮಿತು. ಇದರಲ್ಲಿ ಬುಡಕಟ್ಟು ಜನರಿಗೆ ಸಿಗುವ ಸ್ಥಾನ ಬಿಸಿಲು, ಕಾಯಿಲೆಗಳ ಪಕ್ಕದಲ್ಲಿ. ಅವರೊಂದು ಅಡಚಣೆ, ಅಷ್ಟೇ. ಹಕ್ಕು ಕೊಟ್ಟವನು ಶಾ, ಪಡೆದವನು ಡಾರ್ಸಿ, ನಡುವೆ ಬೇರೆ ಯಾರೂ ಇರಲಿಲ್ಲ ಎಂಬ ಈ ನಂಬಿಕೆ ನಿಜವಲ್ಲ. ಶಾಹನಿಂದ ಸಿಕ್ಕಿದ್ದು ಕಾಗದದ ಮೇಲಿನ ಹಕ್ಕು. ನೆಲದ ಮೇಲೆ ಕಾಲಿಡಬೇಕಾದರೆ ಇನ್ನೊಂದು ಒಪ್ಪಂದ ಬೇಕಾಯಿತು, ಅದನ್ನು ಬುಡಕಟ್ಟಿನ ಮುಖಂಡರ ಜೊತೆಗೇ ಮಾಡಿಕೊಳ್ಳಬೇಕಾಯಿತು.

ತೈಲ ಸಿಕ್ಕ ಜಾಗ ಜಾಗ್ರೋಸ್ ಪರ್ವತಗಳ ತಪ್ಪಲಿನಲ್ಲಿದೆ. ಬಖ್ತಿಯಾರಿ ಜನ ಬೇಸಿಗೆಯಲ್ಲಿ ಮಂದೆಗಳೊಂದಿಗೆ ಎತ್ತರದ ಕಣಿವೆಗಳಿಗೆ ಹೋಗಿ, ಚಳಿಗಾಲಕ್ಕೆ ಇಳಿದು ಬರುತ್ತಿದ್ದ ಹುಲ್ಲುಗಾವಲು ಅದು. ಅಲ್ಲಿ ಟೆಹ್ರಾನಿನ ಆಜ್ಞೆಗಿಂತ ಅವರ ಮುಖಂಡರಾದ ಖಾನರ ಮಾತೇ ನಡೆಯುತ್ತಿತ್ತು. ಈ ಖಾನರು ಲೋಕ ಕಾಣದವರೇನಲ್ಲ. ಅಹ್ವಾಜ್‌ನಿಂದ ಇಸ್ಫಹಾನಿಗೆ ಹೋಗುವ ವ್ಯಾಪಾರದ ದಾರಿಯ ವಿಷಯದಲ್ಲಿ 1890ರ ದಶಕದಲ್ಲೇ ಲಿಂಚ್ ಸಹೋದರರ ಬ್ರಿಟಿಷ್ ಸಂಸ್ಥೆಯೊಡನೆ ವ್ಯವಹಾರ ಕುದುರಿಸಿದ್ದರು. ಆದ್ದರಿಂದ 1905ರಲ್ಲಿ ಇಸ್ಫಹಾನಿನ ಬ್ರಿಟಿಷ್ ಕಾನ್ಸುಲ್ ಜನರಲ್ ಪ್ರೀಸ್ ಡಾರ್ಸಿಯ ಪರವಾಗಿ ಬಂದಾಗ ಅವರು ಕೈಕಟ್ಟಿ ನಿಲ್ಲಲಿಲ್ಲ. ತಮ್ಮ ನೆಲದಲ್ಲಿ ಕೆಲಸ ಮಾಡುವ ಕಂಪನಿಗಳ ಷೇರುಗಳಲ್ಲಿ ಶೇಕಡಾ 3 ಪಾಲು, ಕಾವಲಿಗೆ ವರ್ಷಕ್ಕೆ 2,000 ಪೌಂಡ್, ಮುಂದೆ ಅದು 3,000ಕ್ಕೆ ಏರಬೇಕು ಎಂಬುದು ನವೆಂಬರ್‌ನಲ್ಲಿ ಆದ ಒಪ್ಪಂದದ ತಿರುಳು. ಟೆಹ್ರಾನ್ ಸರ್ಕಾರ ಇದನ್ನು ಮಾನ್ಯ ಮಾಡಲೇ ಇಲ್ಲ. ಆದರೂ ಕೊರೆಯುವ ಯಂತ್ರಗಳು ಮುಂದಕ್ಕೆ ಸಾಗಿದ್ದು ಈ ಒಪ್ಪಂದದ ಬಲದಿಂದಲೇ.

ಇದನ್ನು ಒಪ್ಪಂದ ಎನ್ನಬೇಕೇ, ದಾರಿ ತಡೆದು ವಸೂಲಿ ಮಾಡಿದ ಹಫ್ತಾ ಎನ್ನಬೇಕೇ ಎಂದು ಕೇಳುವವರಿದ್ದಾರೆ. ಕಾವಲಿನ ಹಣದ ವಿಷಯದಲ್ಲಿ ಈ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಹಣ ಸಾಲದು, ಬಟವಾಡೆ ಸರಿಯಿಲ್ಲ ಎಂಬ ಜಗಳ ಮೇಲಿಂದ ಮೇಲೆ ಎದ್ದಿತು, ಕಾವಲಿನವರಿಂದಲೇ ಕೆಲಸಕ್ಕೆ ತೊಂದರೆಯೂ ಆಯಿತು. 1907ರ ಕೊನೆಗೆ ಲೆಫ್ಟಿನೆಂಟ್ ಆರ್ನಾಲ್ಡ್ ವಿಲ್ಸನ್ ಕೈಕೆಳಗೆ ಭಾರತದಿಂದ ಒಂದು ಪುಟ್ಟ ಅಶ್ವದಳವನ್ನು ಕಳುಹಿಸಿದ್ದು ಇದೇ ಕಾರಣಕ್ಕೆ. ಅಹ್ವಾಜ್‌ನ ಕಾನ್ಸುಲ್ ಕಚೇರಿಯ ರಕ್ಷಣೆ ಎಂದು ಹೇಳಿಕೊಂಡರೂ ಆ ಭಾರತೀಯ ಸವಾರರು ಕಾದದ್ದು ತೈಲದ ಬಾವಿಗಳನ್ನು. ಆದರೆ ಷೇರಿನ ಪಾಲು ಕೇಳುವುದು ದರೋಡೆಕೋರರ ಲಕ್ಷಣವಲ್ಲ. ತಮ್ಮ ಮೇವಿನ ನೆಲದಿಂದ ಹುಟ್ಟುವ ಲಾಭದಲ್ಲಿ ತಮಗೂ ಹಕ್ಕಿದೆ ಎಂದು ತಿಳಿದವರ ಬೇಡಿಕೆ ಅದು. ಅವರು ಮೋಸಹೋದದ್ದು ಇನ್ನೊಂದೆಡೆ. ಪಾಲು ಸಿಕ್ಕಿದ್ದು ತಮ್ಮ ನೆಲದ ಮಟ್ಟಿಗೆ ದುಡಿಯುವ ಅಂಗಸಂಸ್ಥೆಗಳಲ್ಲಿ. ಸಂಸ್ಕರಣೆ, ಸಾಗಣೆ, ಮಾರಾಟವೆಲ್ಲ 1909ರಲ್ಲಿ ಹುಟ್ಟಿದ ಆಂಗ್ಲೋ ಪರ್ಷಿಯನ್ ಆಯಿಲ್ ಕಂಪನಿಯ ಕೈಯಲ್ಲಿ ಉಳಿಯಿತು. ಬಂದ ಹಣವೂ ಖಾನ್ ಮನೆತನಗಳ ಕೈ ಸೇರಿತು. ಮಂದೆ ಕಾಯುವವನಿಗೆ ಅದರ ಹೆಸರಿನಲ್ಲಿ ಏನೂ ಬರಲಿಲ್ಲ. ಬುಡಕಟ್ಟುಗಳನ್ನು ಅಡಚಣೆ ಎನ್ನುವ ಕಥೆ ತಪ್ಪು. ಹಾಗೆಂದು ಇಡೀ ಬುಡಕಟ್ಟಿಗೆ ಪಾಲು ಸಿಕ್ಕಿತೆನ್ನುವುದೂ ಅಷ್ಟೇ ತಪ್ಪು.

ಸಮುದ್ರದ ಕಡೆಗೂ ಇದೇ ನಡೆಯಿತು. ತೈಲದ ಕೊಳವೆ ಮುಟ್ಟಬೇಕಿದ್ದ ಅಬಾದಾನ್ ದ್ವೀಪ ಮೊಹಮ್ಮೆರಾದ ಅರಬ್ ಶೇಖ್ ಖಜಲ್‌ನ ಹಿಡಿತದಲ್ಲಿತ್ತು. ಭಾರತ ಸರ್ಕಾರದ ಅಧೀನದಲ್ಲಿದ್ದು ಬುಶೇರ್‌ನಲ್ಲಿ ಕೂತಿದ್ದ ರೆಸಿಡೆಂಟ್ ಪರ್ಸಿ ಕಾಕ್ಸ್ 1909ರಲ್ಲಿ ಅವನೊಡನೆ ಮಾತಾಡಿ ಜಾಗ ಗೊತ್ತುಮಾಡಿದ. ವರ್ಷಕ್ಕೆ 650 ಪೌಂಡ್ ಬಾಡಿಗೆ, 10,000 ಪೌಂಡ್ ಸಾಲ, ಜೊತೆಗೆ ಟೆಹ್ರಾನ್ ಅವನ ಅಧಿಕಾರವನ್ನು ಅತಿಕ್ರಮಿಸಿದರೆ ಬ್ರಿಟನ್ ಬೆಂಬಲಿಸುತ್ತದೆ ಎಂಬ ಭರವಸೆ.

ಟೆಹ್ರಾನಿನ ಮಾತು ಬೆಟ್ಟದಲ್ಲಿ ನಡೆಯದಿದ್ದಾಗ ಕಂಪನಿ ಇನ್ನೇನು ಮಾಡಬೇಕಿತ್ತು, ಇದು ಬರೀ ವ್ಯವಹಾರದ ಅನಿವಾರ್ಯತೆ ಎಂಬುದು ಗಟ್ಟಿಯಾದ ಆಕ್ಷೇಪ. ಅನಿವಾರ್ಯವೇ ಆಗಿದ್ದರೆ ಆ ನಿಲುವು ಕಷ್ಟಕಾಲದಲ್ಲೂ ಬದಲಾಗಬಾರದಿತ್ತು. 1915ರ ಫೆಬ್ರವರಿಯಲ್ಲಿ, ಮಹಾಯುದ್ಧದ ನಡುವೆ, ಬುಡಕಟ್ಟಿನವರು ಕೊಳವೆಯನ್ನು ಒಡೆದು ತೈಲದ ಹರಿವನ್ನು ನಿಲ್ಲಿಸಿದರು. ಆಗ ಕಂಪನಿ ನಷ್ಟದ ಲೆಕ್ಕ ಇಟ್ಟದ್ದು ಟೆಹ್ರಾನಿನ ಮುಂದೆ. ಡಾರ್ಸಿ ಹಕ್ಕುಪತ್ರದ 14ನೇ ವಿಧಿಯ ಪ್ರಕಾರ ರಕ್ಷಣೆ ಶಾಹನ ಸರ್ಕಾರದ ಹೊಣೆ ಎಂದು ವಾದಿಸಿ, ಸರ್ಕಾರಕ್ಕೆ ಸಲ್ಲಬೇಕಿದ್ದ ಹಣವನ್ನೇ ತಡೆಹಿಡಿಯಿತು. ಯಾವ ಬುಡಕಟ್ಟುಗಳ ಜೊತೆ ಟೆಹ್ರಾನನ್ನು ಬದಿಗಿಟ್ಟು ಕರಾರು ಮಾಡಿಕೊಂಡಿತ್ತೋ ಆ ಸೀಮೆಯಲ್ಲಾದ ಹಾನಿಗೆ ಟೆಹ್ರಾನೇ ದಂಡ ತೆರಬೇಕು ಎಂದಿತು. ನೆಲ ಬೇಕಾದಾಗ ಖಾನರು ಅಲ್ಲಿನ ಒಡೆಯರು, ನಷ್ಟವಾದಾಗ ಅದೇ ಖಾನರು ಶಾಹನ ಪ್ರಜೆಗಳು. ಎರಡೂ ನಿಲುವುಗಳಲ್ಲಿ ಲಾಭ ಕಂಪನಿಗೇ. ಇದನ್ನು ಬರೀ ಅನಿವಾರ್ಯತೆ ಎಂದು ನಾನು ಒಪ್ಪಲಾರೆ.

ಲಂಡನ್ ಮೊದಲಿನಿಂದಲೇ ಒಡೆದು ಆಳುವ ಸಂಚು ಹೂಡಿ ಎಲ್ಲವನ್ನೂ ನಡೆಸಿತು ಎಂಬ ಇನ್ನೊಂದು ನಂಬಿಕೆಯನ್ನೂ ಇಲ್ಲೇ ಪರಿಶೀಲಿಸಬೇಕು. ದಾಖಲೆಗಳಲ್ಲಿ ಕಾಣುವುದು ಹಾಗಿಲ್ಲ. ಡಾರ್ಸಿಯ ಹಣ ಕರಗುತ್ತಿದ್ದಾಗ ಬ್ರಿಟಿಷ್ ಸರ್ಕಾರ ನೇರ ಸಾಲ ಕೊಡಲಿಲ್ಲ, 1905ರಲ್ಲಿ ಕೈಹಿಡಿದದ್ದು ಬರ್ಮಾ ಆಯಿಲ್ ಕಂಪನಿ. ಸರ್ಕಾರ ಶೇಕಡಾ 51 ಷೇರು ಕೊಂಡದ್ದು 1914ರಲ್ಲಿ, ನೌಕಾಪಡೆಗೆ ತೈಲ ಬೇಕೆಂದು. ಆಯಾ ಜಾಗದ ಅಧಿಕಾರಿ ಆ ಹೊತ್ತಿಗೆ ಎದುರಿಗಿದ್ದ ಬಲಶಾಲಿಯೊಡನೆ ಕೈಕುಲುಕಿದ, ಅಷ್ಟೇ. ಬಲ ಕೈಬದಲಾಯಿಸಿದಾಗ ಆ ಕೈಕುಲುಕು ಉಳಿಯಲಿಲ್ಲ. ಮುಂದೆ ಶಾ ಆದ ರೆಜಾ ಖಾನ್ ಸೇನೆಯೊಂದಿಗೆ ದಕ್ಷಿಣಕ್ಕೆ ಬಂದಾಗ ಬ್ರಿಟನ್ ಖಜಲ್‌ನ ಬೆನ್ನಿಗೆ ನಿಲ್ಲಲಿಲ್ಲ. 1925ರಲ್ಲಿ ಸೆರೆಯಾದ ಅವನು ಟೆಹ್ರಾನಿನಲ್ಲಿ ಕಾವಲಿನಲ್ಲೇ ಇದ್ದು 1936ರಲ್ಲಿ ತೀರಿಕೊಂಡ. ರೆಜಾ ಶಾಹನ ಸರ್ಕಾರದೊಡನೆ ಕಂಪನಿ 1933ರಲ್ಲಿ ಹೊಸ ಹಕ್ಕುಪತ್ರ ಮಾಡಿಕೊಂಡಿತು. 1905ರಲ್ಲಿ ಸಹಿ ಹಾಕಿದ ಮನೆತನಗಳಿಗೆ ಆ ಮಾತುಕತೆಯಲ್ಲಿ ಕುರ್ಚಿಯೇ ಇರಲಿಲ್ಲ.