ಗಿಣ್ಣಿನ ಸತ್ತ್ವವನ್ನು ಕೊಬ್ಬಿನ ಕೋಶಗಳಲ್ಲಿ ಅಡಗಿಸುವ ಕ್ರಮ

ಹಸು ಈದ ಕೂಡಲೆ ಕರೆಯುವ ಗಿಣ್ಣುಹಾಲು ಸಾಧಾರಣ ಹಾಲಿಗಿಂತ ಸತ್ತ್ವವುಳ್ಳದ್ದೆಂಬುದು ದನ ಸಾಕುವವರೆಲ್ಲರೂ ಬಲ್ಲ ವಿಷಯವೇ ಸರಿ. ಈ ಸತ್ತ್ವಕ್ಕೆ ಕಾರಣವಾದ ವಸ್ತುಗಳಲ್ಲಿ ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನು ಒಂದು. ಇದು ಕಬ್ಬಿಣದ ಅಂಶವನ್ನು ಬಿಗಿಯಾಗಿ ಹಿಡಿದಿಟ್ಟು, ರೋಗಾಣುಗಳಿಗೆ ದೊರೆಯದಂತೆ ಮಾಡುತ್ತದೆ. ಗಿಣ್ಣಿನಲ್ಲಿ ಇದು ಸಾಧಾರಣ ಹಾಲಿನಲ್ಲಿರುವುದರ ಸುಮಾರು ಹತ್ತರಷ್ಟು ಇರುವುದುಂಟು. ಒಂದು ಕಾಲಕ್ಕೆ ಪ್ರತ್ಯೇಕ ಗ್ರಾಮವಾಗಿದ್ದು ಈಗ ಬೆಂಗಳೂರು ನಗರದೊಳಗೆ ಸೇರಿರುವ ಮತ್ತಿಕೆರೆಗೆ ಸಮೀಪವಾದ ಹೆಬ್ಬಾಳದಲ್ಲಿ ಹೈನು ವಿಜ್ಞಾನದ ಮಹಾವಿದ್ಯಾಲಯವಿದೆ. ಹಾಲಿನ ಇಂತಹ ಅಂಶಗಳ ಗುಣಗಳು ಅಲ್ಲಿನ ಪಾಠದ ವಿಷಯಗಳೇ. ಗಿಣ್ಣಿನ ಪುಡಿಗೆ ಪೇಟೆಯಲ್ಲಿ ಬೆಲೆ ಬಂದಿರುವುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಇದನ್ನು ಅರಿತಿರುವುದು ಯುಕ್ತ.

ಈ ಪ್ರೋಟೀನು ಬಹು ನಾಜೂಕಾದುದು. 70 ಡಿಗ್ರಿ ಸೆಂಟಿಗ್ರೇಡಿಗೆ ಮೇಲ್ಪಟ್ಟ ಶಾಖದಲ್ಲಿ ಹೆಚ್ಚು ಹೊತ್ತು ಇಟ್ಟರೆ ಕೆಡುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣು ರುಚಿಗೇನೋ ಸೊಗಸು. ಈ ಗುಣಕ್ಕಾಗಿ ಅದನ್ನು ನಂಬತಕ್ಕದ್ದಲ್ಲ. ಹಸಿಯಾಗಿ ಕುಡಿದರೆ ರೋಗ ತಗಲುವ ಭಯವಲ್ಲದೆ, ಜಠರದ ಪೆಪ್ಸಿನ್ ಎಂಬ ರಸವು ಅದರ ಬಹುಭಾಗವನ್ನು ತುಂಡರಿಸಿಬಿಡುತ್ತದೆ.

ಆದಕಾರಣ ಇದನ್ನು ಕೊಬ್ಬಿನ ಸೂಕ್ಷ್ಮ ಕೋಶಗಳಲ್ಲಿ ಅಡಗಿಸುವ ಉಪಾಯ ಹುಟ್ಟಿತು. ಸೋಯಾ ಅವರೆಯಿಂದಲೂ ಮೊಟ್ಟೆಯ ಹಳದಿಯಿಂದಲೂ ದೊರೆಯುವ ಲೆಸಿಥಿನ್ ನೀರಿನಲ್ಲಿ ನೆನೆದಾಗ ತಾನಾಗಿಯೇ ಟೊಳ್ಳಾದ ಗುಳ್ಳೆಗಳಾಗುತ್ತದೆಂಬುದನ್ನು ಇಂಗ್ಲೆಂಡಿನ ಬ್ಯಾಂಗ್‌ಹ್ಯಾಮ್ ಎಂಬ ಪಂಡಿತರು 1960ರ ದಶಕದಲ್ಲಿ ತೋರಿಸಿಕೊಟ್ಟರು. ಇವಕ್ಕೆ ಲಿಪೋಸೋಮ್ ಎಂದು ಹೆಸರು. 100 ನ್ಯಾನೋಮೀಟರಿನ ಇಂತಹ ಗುಳ್ಳೆಗಳನ್ನು ಸಾಲಾಗಿ ಇಟ್ಟರೆ ಒಂದು ಕೂದಲೆಳೆಯ ಅಗಲಕ್ಕೆ ಐನೂರಕ್ಕೂ ಹೆಚ್ಚು ಬೇಕಾಗುತ್ತವೆ.

ಕಷ್ಟವಿರುವುದು ಪ್ರಮಾಣದಲ್ಲಿ. ಹೋಳಿಗೆ ಮಾಡುವವರಿಗೆ ಇದು ತಿಳಿದ ಮಾತು: ಹೂರಣ ಹೆಚ್ಚಾದರೆ ಕಣಕ ಒಡೆಯುತ್ತದೆ, ಕಣಕ ಹೆಚ್ಚಾದರೆ ಹೋಳಿಗೆ ಸಪ್ಪೆ. ಹಾಗೆಯೇ ಪ್ರೋಟೀನು ಮಿತಿಮೀರಿದರೆ ಹೊರಗೇ ಉಳಿಯುತ್ತದೆ. ಕೊಬ್ಬನ್ನು ಹೆಚ್ಚಿಸಿದರೆ ಹಿಡಿತವೇನೋ ಹೆಚ್ಚುವುದು, ಆದರೆ ಗ್ರಾಮೊಂದಕ್ಕೆ ದೊರೆಯುವ ಸತ್ತ್ವ ಕಡಮೆಯಾಗಿ ಖರ್ಚು ಏರುವುದು. ಗುಳ್ಳೆಗಳನ್ನು ಸಣ್ಣದು ಮಾಡಲು ಶಬ್ದತರಂಗಗಳನ್ನು ಹಾಯಿಸುತ್ತಾರೆ. ಅತಿಯಾದರೆ ಶಾಖವೇರಿ, ಕಾಪಾಡಬೇಕಾದ ಪ್ರೋಟೀನೇ ಕೆಡುತ್ತದೆ. ಲೆಕ್ಕದಲ್ಲಿಯೂ ಮೋಸಹೋಗುವುದುಂಟು. 100 ಮಿಲಿಗ್ರಾಂ ಹಾಕಿ 60 ಒಳಸೇರಿದರೆ ನೂರಕ್ಕೆ 60ರ ಹಿಡಿತವೆನ್ನಬೇಕು. ಗುಳ್ಳೆಯ ಹೊರಮೈಗೆ ಅಂಟಿಕೊಂಡಿರುವುದನ್ನು ತೊಳೆದು ಕಳೆಯದೆ ಅಳೆದರೆ ಅಂಕಿ ದೊಡ್ಡದಾಗಿಯೇ ಕಾಣುವುದು. ಇಷ್ಟೆಲ್ಲ ಸರಿಯಾದರೂ ಕರುಳಿನ ಪಿತ್ತರಸಕ್ಕೆ ಈ ಗುಳ್ಳೆಗಳನ್ನು ಕರಗಿಸುವ ಶಕ್ತಿಯುಂಟು. ಆದುದರಿಂದ ಪುಡಿ ಮಾರುವವರ ಹೊಗಳಿಕೆಯನ್ನೆಲ್ಲ ನಂಬತಕ್ಕದ್ದಲ್ಲ.

ಕರುವಿಗೆ ಈ ಪ್ರಯಾಸವಾವುದೂ ಬೇಕಿಲ್ಲ. ಹುಟ್ಟಿದ ಮೊದಲ ದಿನ ಅದರ ಕರುಳು ಗಿಣ್ಣಿನ ರಕ್ಷಕ ಪ್ರೋಟೀನುಗಳನ್ನು ಇಡಿಯಾಗಿಯೇ ರಕ್ತಕ್ಕೆ ಬಿಟ್ಟುಕೊಡುತ್ತದೆ. ಗಂಟೆ ಕಳೆದಂತೆ ಈ ಶಕ್ತಿ ಕುಂದಿ, ಸುಮಾರು 24 ಗಂಟೆಗಳಲ್ಲಿ ನಿಲ್ಲುತ್ತದೆ. ಗಿಣ್ಣಿಗೆ ಎಷ್ಟೇ ಬೆಲೆ ಬಂದರೂ, 25 ಕಿಲೋ ತೂಕದ ಕರುವಿಗೆ ಆ ದಿನ ಸುಮಾರು ಎರಡೂವರೆ ಕಿಲೋ ಗಿಣ್ಣನ್ನು, ಅದರಲ್ಲಿಯೂ ಮೊದಲ ಪಾಲನ್ನು ಒಂದೆರಡು ಗಂಟೆಗಳೊಳಗಾಗಿಯೇ, ಕುಡಿಸಿದ ತರುವಾಯ ಮಿಕ್ಕುದನ್ನು ಮಾತ್ರ ಮಾರತಕ್ಕದ್ದು.